ಮಂಗಟ್ಟೆಯ ಎಣ್ಣೆ, ಅಧ್ಯಕ್ಷರ ಮತ

ಹಕ್ಕಿಗಳನ್ನು ಉಳಿಸುವ ಸಂಘದಲ್ಲಿ ಕೆಲಸ ಕೇಳಲು ನಾನು ಹೋದ ದಿನ, ಸಂಘದ ಅಧ್ಯಕ್ಷರ ಮನೆಯ ಚಾವಡಿಯ ಗೋಡೆಯಲ್ಲಿ ಕೋವಿಗಳು ಸಾಲಾಗಿ ತೂಗುತ್ತಿದ್ದವು. ಅವುಗಳ ಮೇಲೆ ಒಂದು ಕಾಡುಕೋಣದ ತಲೆ. ನಾನು ತಪ್ಪು ಮನೆಗೆ ಬಂದೆನೋ ಎಂದು ಅನುಮಾನಪಡುವಂತಿರಲಿಲ್ಲ, ಏಕೆಂದರೆ ಆ ಮನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ನನ್ನ ಅಪ್ಪ ಆ ಮನೆಯ ಒಕ್ಕಲು. ಬಂಟ್ವಾಳದ ಹೊಳೆಬದಿಯಲ್ಲಿ ನಾವು ಬೇಸಾಯ ಮಾಡುತ್ತಿದ್ದ ಗದ್ದೆ ತ್ಯಾಂಪಣ್ಣ ಶೆಟ್ಟರದು. ಮನೆಯಲ್ಲಿ ನಾವು ಅವರನ್ನು ‘ಧನಿಗಳು’ ಎನ್ನುತ್ತಿದ್ದೆವು. ಸಂಘಕ್ಕೆ ಸೇರಿದ ಮೇಲೆ ಸಭೆಯಲ್ಲಿ ‘ಅಧ್ಯಕ್ಷರೇ’ ಎನ್ನಬೇಕಾಯಿತು. ಆ ಶಬ್ದ ನನ್ನ ನಾಲಗೆಗೆ ಒಗ್ಗಲು ಬಹಳ ಕಾಲ ಹಿಡಿಯಿತು.

ಈಗ ಈ ಕೆಲಸಕ್ಕೆ ಬರುವ ಹುಡುಗರು, ಹುಡುಗಿಯರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಆಗ ಯಾವ ಹಕ್ಕಿ ಎಲ್ಲಿತ್ತು ಎಂದು ಕೇಳುತ್ತಾರೆ. ನೆನಪಿರುವಷ್ಟು ಹೇಳುತ್ತೇನೆ. ಸಂಘ ಹೇಗೆ ನಡೆಯುತ್ತಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಭೆ, ನಿಬಂಧನೆ, ಮತ ಎಂದರೆ ಅವರಿಗೆ ಆಕಳಿಕೆ. ಅದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ. ಕಾಡಿನಲ್ಲಿ ನಾನು ಹೆದರಿದ್ದಕ್ಕಿಂತ ಸಭೆಯಲ್ಲಿ ಹೆದರಿದ್ದೇ ಹೆಚ್ಚು.

ಶೆಟ್ಟರು ಹೆಸರಾಂತ ಬೇಟೆಗಾರರು. ಅಂಥವರು ಹಕ್ಕಿಗಳಿಗಾಗಿ ಸಂಘ ಕಟ್ಟಿದ್ದೇಕೆ ಎಂದು ಊರಿನವರು ನಗುತ್ತಿದ್ದರು. ನಾನೂ ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ನಾನು ಸಣ್ಣವ ಇರುವಾಗ ಗೋಳಿಮರ ಹಣ್ಣಾದರೆ ಹಸುರು ಪಾರಿವಾಳ ಮರವೇ ಮುಚ್ಚುವ ಹಾಗೆ ಬರ್ತಿತ್ತು. ಈಗ ಬರುವುದಿಲ್ಲ. ಎಲ್ಲಿಗೆ ಹೋಯಿತು ಅಂತ ಬೇರೆಯವರು ಕೇಳಬಹುದು, ನಾನು ಕೇಳುವ ಹಾಗಿಲ್ಲ. ಹೊಡೆದದ್ದು ನಾನು, ನನ್ನ ಅಣ್ಣತಮ್ಮಂದಿರು,” ಎಂದರು. ಗೋಡೆಯ ಕೋವಿಗಳತ್ತ ನೋಡಿ, “ಸಂಘ ಅಂತ ಒಂದು ಇದ್ದರೆ ನಾಲ್ಕು ಜನರ ಎದುರು ಕೈ ಕಟ್ಟಿಕೊಳ್ಳಬೇಕಾಗ್ತದೆ. ಒಬ್ಬನೇ ಇದ್ದರೆ ಮನಸ್ಸು ಜಾರ್ತದೆ ಮಾರಾಯ,” ಎಂದರು.

ಸಂಘದ ನಿಬಂಧನೆಗಳಲ್ಲಿ ಮೊದಲನೆಯದನ್ನು ಹೇಳಿ ಬರೆಸಿದ್ದೂ ಅವರೇ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಸದಸ್ಯರು ಕೋವಿ ಎತ್ತುವಂತಿಲ್ಲ. ಎತ್ತಿದವನ ಸದಸ್ಯತ್ವ ಆ ಗಳಿಗೆಯಿಂದಲೇ ಹೋಯಿತು ಎಂದು ತಿಳಿಯತಕ್ಕದ್ದು. ಸದಸ್ಯರಲ್ಲಿ ಅರ್ಧಪಾಲು ಕೋವಿ ಇದ್ದ ಜಮೀನುದಾರರು. ಶೆಟ್ಟರ ಮೇಲಿನ ಗೌರವಕ್ಕೆ ಸೇರಿದವರು. ನಿಯಮ ಓದಿದಾಗ ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು, ವಿರೋಧಿಸಲಿಲ್ಲ.

ಕಾರ್ಯದರ್ಶಿ ಡಾಕ್ಟರ್ ಕಾಮತರು. ಬಂಟ್ವಾಳ ಪೇಟೆಯಲ್ಲಿ ಅವರ ದವಾಖಾನೆ. ಸಂಘದ ಕೈಯಲ್ಲಿದ್ದ ಒಂದೇ ಒಂದು ದುರ್ಬೀನು ಅವರದು. ನನಗೆ ಅದನ್ನು ಕೊಡುವಾಗ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡೇ ಕಣ್ಣಿಗೆ ಹಿಡಿಯಬೇಕು ಎಂದು ಷರತ್ತು ಹಾಕುತ್ತಿದ್ದರು. ನಾನು ಅದಕ್ಕೆ ಮೊದಲು ತಾತ್ಕಾಲಿಕ ಮಾಸ್ತರನಾಗಿ ಅಲ್ಲಿ ಇಲ್ಲಿ ಪಾಠ ಮಾಡಿಕೊಂಡಿದ್ದವನು. ಸೈಕಲ್ ಇತ್ತು, ಶಾಲೆಗಳಲ್ಲಿ ಮಾತಾಡಲು ಬರುತ್ತಿತ್ತು, ಅಷ್ಟಕ್ಕೇ ಕೆಲಸ ಸಿಕ್ಕಿತು. ಮೂಡಬಿದಿರೆಯ ಸಂತೆಗೆ ಹೋಗಿ, ಕಾಲು ಕಟ್ಟಿ ತಲೆಕೆಳಗಾಗಿ ತೂಗಿಸಿದ ಬೆಳವ, ಬುರ್ಲಿ ಹಕ್ಕಿಗಳನ್ನು ಎಲ್ಲಿ ಹಿಡಿದದ್ದೆಂದು ವಿಚಾರಿಸುವುದು, ಬೆಳ್ತಂಗಡಿಯ ಕಾಡಂಚಿನ ಮನೆಗಳಲ್ಲಿ ಕುಳಿತು ಮಾತಾಡುವುದು, ಬಂದು ಡಾಕ್ಟರರಿಗೆ ವರದಿ ಒಪ್ಪಿಸುವುದು. ಇದು ನನ್ನ ಕೆಲಸ. ಜನ ನನ್ನನ್ನು ‘ಹಕ್ಕಿ ಮೇಷ್ಟ್ರು’ ಎಂದರು. ಮೊದಲು ತಮಾಷೆಗೆ ಅಂದದ್ದು, ಆಮೇಲೆ ಅದೇ ಹೆಸರಾಯಿತು.

ಆಗಿನ ಕಾಲದ ಕೆಲಸದ ರೀತಿಗೂ ಈಗಿನದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಪುತ್ತಿಗೆಯ ಪ್ರಸಂಗದಿಂದ ಹೇಳಬಹುದು.

ಮೂಡಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಪದ್ಮಾವತಿಯಮ್ಮ ಎಂಬ ಜೈನ ಹೆಂಗಸಿನ ಮನೆ ಇತ್ತು. ಮನೆಯ ಹಿಂದೆ ಒಂದು ಕೆರೆ, ಕೆರೆಯ ಏರಿಯ ಮೇಲೆ ಹಳೆಯ ಗೋಳಿಮರಗಳು, ಅಂದರೆ ಆಲದ ಮರಗಳು. ಮಳೆಗಾಲ ಹಿಡಿದ ಕೂಡಲೇ ಆ ಮರಗಳಿಗೆ ಬೆಳ್ಳಕ್ಕಿ, ನೀರುಕಾಗೆ, ಇರುಳು ಬಕ ಬಂದು ಗೂಡು ಕಟ್ಟುತ್ತಿದ್ದವು. ಮರ ಹಸಿರೋ ಬಿಳಿಯೋ ಎಂದು ಗೊತ್ತಾಗದಷ್ಟು. ಅಂಗಳದ ತುಂಬ ಹಿಕ್ಕೆ, ಕೊಳೆತ ಮೀನಿನ ವಾಸನೆ. ಆ ದಿನಗಳಲ್ಲಿ ಅವರು ಬಟ್ಟೆಯನ್ನು ಒಳಗೇ ಒಣಗಿಸುತ್ತಿದ್ದರು. ಬಾವಿಯ ಬಾಯಿಗೆ ತೆಂಗಿನ ಮಡಲು ಮುಚ್ಚುತ್ತಿದ್ದರು. ನೆಂಟರು ಬರುವುದನ್ನೇ ಬಿಟ್ಟಿದ್ದರು. ಆದರೂ ಒಂದು ಕಲ್ಲು ಎಸೆಯಲು ಯಾರಿಗೂ ಬಿಟ್ಟವರಲ್ಲ.

ಇದನ್ನು ನಾನು ಸಭೆಯಲ್ಲಿ ವಿವರಿಸಿದಾಗ ಎಲ್ಲರಿಗೂ ಬಹಳ ಸಂತೋಷವಾಯಿತು. ಉಪಾಧ್ಯಕ್ಷರಾಗಿದ್ದ ವಕೀಲ ರಾಯರು ಎದ್ದು, ಅದನ್ನು ಸಂಘದ ಮೊದಲ ‘ಪಕ್ಷಿಧಾಮ’ ಎಂದು ಘೋಷಿಸೋಣ, ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ ಉದ್ಘಾಟನೆ ಮಾಡಿಸೋಣ ಎಂದರು. ಒಳ್ಳೆಯ ಕೆಲಸ ನಾಲ್ಕು ಜನರಿಗೆ ತಿಳಿಯಬೇಡವೇ ಎಂಬುದು ಅವರ ಮಾತು. ಎಲ್ಲರೂ ಕೈಯೆತ್ತಿದರು.

ಸೋಣ ತಿಂಗಳಲ್ಲಿ, ಆಗಸ್ಟ್ ಕೊನೆಗೆ, ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಸಮಾರಂಭ ನಡೆಯಿತು. ಕೆರೆಯ ಏರಿಗೆ ಚಪ್ಪರ, ತೋರಣ, ಬಣ್ಣದ ಫಲಕ. ಮರದ ಕೊಂಬೆಗೇ ಧ್ವನಿವರ್ಧಕ ಕಟ್ಟಿದ್ದರು. ಅಧಿಕಾರಿಗಳ ಕಾರು ಬಂದ ಕೂಡಲೇ ಉತ್ಸಾಹಿಗಳೊಬ್ಬರು, ದೇವಸ್ಥಾನದ ಉತ್ಸವಗಳಲ್ಲಿ ಮದ್ದು ತುಂಬಿ ಸಿಡಿಸುವ ಕದಿನಕ್ಕೆ ಬೆಂಕಿ ಇಟ್ಟರು. ನೆಲವೇ ಅದುರಿತು. ಮರದಿಂದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಆಕಾಶ ಬೆಳ್ಳಗಾದದ್ದನ್ನು ನೋಡಿ ಜನ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಭಾಷಣದಲ್ಲಿ ಅದನ್ನು ಶುಭಸೂಚನೆ ಎಂದರು. ಭಾಷಣಗಳು ಸಂಜೆಯವರೆಗೆ ನಡೆದವು. ಹಕ್ಕಿಗಳು ಸುತ್ತುತ್ತಲೇ ಇದ್ದವು, ಇಳಿಯಲಿಲ್ಲ. ಆ ಹೊತ್ತಿನಲ್ಲಿ ಕಾಗೆಗಳು ಇಳಿದವು.

ಮರುದಿನ ನಾನು ಸೈಕಲಿನಲ್ಲಿ ಹೋದೆ. ಏರಿಯ ತುಂಬ ಮೊಟ್ಟೆಯ ಚಿಪ್ಪು, ಗರಿ ಮೂಡದ ಮರಿಗಳು. ಕೆಲವಕ್ಕೆ ಇನ್ನೂ ಜೀವ ಇತ್ತು. ಪದ್ಮಾವತಿಯಮ್ಮ ಅವನ್ನು ಗೆರಸೆಯಲ್ಲಿ ಆರಿಸಿಕೊಂಡು ದನದ ಹಟ್ಟಿಯ ಬೈಹುಲ್ಲಿನ ಮೇಲೆ ಇಡುತ್ತಿದ್ದರು. ನನ್ನನ್ನು ಕಂಡು ಬೈಯಲಿಲ್ಲ.

“ನನ್ನ ಅತ್ತೆಯ ಕಾಲದಿಂದ ಇವು ಇಲ್ಲಿ ಉಂಟು ಮೇಷ್ಟ್ರೇ. ನಾವು ಯಾರಿಗೂ ಹೇಳ್ಲಿಲ್ಲ. ನೀವು ಬಂದು ರಕ್ಷಣೆ ಮಾಡ್ತೇವೆ ಅಂದ್ರಿ,” ಎಂದರು. ಗೆರಸೆ ಎತ್ತಿಕೊಂಡು ಮತ್ತೆ ಮರದ ಬುಡಕ್ಕೆ ಹೋದರು.

ಬದುಕಿದ ಮರಿಗಳು ಬಹಳ ಕಡಿಮೆ. ಮುಂದಿನ ಮಳೆಗಾಲ ಹಕ್ಕಿಗಳು ಪುತ್ತಿಗೆಗೆ ಬರಲಿಲ್ಲ. ಎಲ್ಲಿಗೆ ಹೋದವೋ ತಿಳಿಯಲಿಲ್ಲ. ಶೆಟ್ಟರು ತಾವೇ ಪದ್ಮಾವತಿಯಮ್ಮನವರ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಕೈ ಮುಗಿದು ಬಂದರು. ಮುಂದಿನ ಸಭೆಯಲ್ಲಿ ಫಲಕ, ಸಮಾರಂಭ, ಸನ್ಮಾನ ಯಾವುದೂ ಗೂಡಿನ ಜಾಗದಲ್ಲಿ ಕೂಡದು ಎಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ನಮ್ಮ ಕೆಲಸ ಸದ್ದಿಲ್ಲದ ಕೆಲಸವಾಯಿತು. ಗೂಡಿರುವ ಮನೆಗೆ ಹೋಗುವುದು, ಒಂದು ಲೋಟ ನೀರು ಕುಡಿಯುವುದು, ಆ ಮನೆಯವರನ್ನೇ ಕಾವಲಿಗೆ ಒಪ್ಪಿಸುವುದು, ಹಿಂದಕ್ಕೆ ಬರುವುದು.

ಹಾಗೆ ಒಪ್ಪಿಸಿದವರಲ್ಲಿ ಬೆಳ್ತಂಗಡಿಯ ಕಮಲಕ್ಕ ಒಬ್ಬರು. ಘಟ್ಟದ ಬುಡದಲ್ಲಿ ಗಂಡ, ಮೈದುನರೊಡನೆ ಗದ್ದೆ ಮಾಡಿಕೊಂಡಿದ್ದ ಗೌಡರ ಮನೆಯ ಹೆಂಗಸು. ಅವರ ಬೈಲು ಮುಗಿದು ಕಾಡು ಶುರುವಾಗುವಲ್ಲಿ ಒಂದು ಭಾರೀ ಧೂಪದ ಮರ. ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಜೋಡಿಯೊಂದು ವರ್ಷ ವರ್ಷವೂ ಮರಿ ಮಾಡುತ್ತಿತ್ತು.

ಮಂಗಟ್ಟೆಯನ್ನು ನೋಡದವರಿಗಾಗಿ ಎರಡು ಮಾತು. ಹದ್ದಿಗಿಂತ ದೊಡ್ಡ ಹಕ್ಕಿ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟ ಹಾಗೆ ಕಾಣುತ್ತದೆ. ಹಾರಿದರೆ ರೆಕ್ಕೆಯ ಸದ್ದು ಗದ್ದೆಯ ಆಚೆಗೂ ಕೇಳುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಪೊಟರೆಯ ಒಳಗೆ ಹೊಕ್ಕು, ಬಾಯಿಯನ್ನು ಮಣ್ಣು, ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ, ಹೊಸತು ಬರುವವರೆಗೆ ಹಾರಲಾರದು. ಅಷ್ಟು ದಿನವೂ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಗಂಡು ಬಾರದಿದ್ದರೆ ಒಳಗಿರುವ ಜೀವಗಳಿಗೆ ಹಸಿವೆಯೇ ಗತಿ.

ಒಂದು ವರ್ಷ ಹೆಣ್ಣು ಒಳಗೆ ಕೂತ ಸುದ್ದಿಯನ್ನು ನಾನು ಸಭೆಯಲ್ಲಿ ಹೇಳಿದೆ. ಯಾರ ಬೈಲು, ಯಾವ ಮರ ಎಂದು ವಿವರವಾಗಿ ಹೇಳಿದೆ. ಅದು ನನ್ನ ಕರ್ತವ್ಯ, ಮತ್ತು ಕೇಳುತ್ತಿದ್ದವರು ನಮ್ಮವರೇ. ಹೊಸಬರಿಗೆ ಒಂದು ಮಾತು: ಗೂಡು ಇದೆ ಎಂದು ಸಭೆಯಲ್ಲಿ ಹೇಳಿ, ಎಲ್ಲಿದೆ ಎಂದು ಹೇಳಬೇಡಿ. ನಮ್ಮ ಸಂಘ ಆ ಪದ್ಧತಿ ಮಾಡಿದ್ದು ಮುಂದೆ ನಡೆದದ್ದರ ನಂತರ.

ಆಗ ಶೆಟ್ಟರ ಮನೆಯಲ್ಲಿ ಕಷ್ಟ ಹೊಕ್ಕಿತ್ತು. ಅವರ ಮಗಳು ವನಜ ಬಾಣಂತನಕ್ಕೆ ಬಂದಿದ್ದಳು. ಹೆರಿಗೆ ಬಹಳ ಕಷ್ಟದ್ದಾಗಿ, ಮಗು ಉಳಿಯಲಿಲ್ಲ, ಅವಳ ಎರಡೂ ಕಾಲಿನ ಬಲ ಹೋಯಿತು. ಕಾಮತ ಡಾಕ್ಟರರು ನೋಡಿ, ನರಕ್ಕೆ ಪೆಟ್ಟಾಗಿದೆ, ದಿನವೂ ಕಾಲು ಆಡಿಸುತ್ತಾ ಇರಬೇಕು, ನಿಧಾನ ಎಂದಿದ್ದರು. ನಿಧಾನ ಎಂಬ ಮಾತನ್ನು ಆ ಮನೆಯವರಿಂದ ಸಹಿಸಲಾಗಲಿಲ್ಲ. ಯಾರೋ ಒಬ್ಬ ಪಂಡಿತನನ್ನು ಕರೆಸಿದರು. ಅವನು ಮಂಗಟ್ಟೆಯ ಕೊಬ್ಬಿನ ಎಣ್ಣೆ ತಿಕ್ಕಿದರೆ ಕಾಲು ಏಳುತ್ತದೆ ಎಂದ. ನಮ್ಮ ಕಡೆಯಲ್ಲಿ ಆ ನಂಬಿಕೆ ಹಳೆಯದು. ವಾತಕ್ಕೆ, ಸೊಂಟಕ್ಕೆ, ಬಾಣಂತಿಗೆ, ಎಲ್ಲದಕ್ಕೂ ಆ ಎಣ್ಣೆ. ಅದಕ್ಕೇ ಆ ಹಕ್ಕಿ ಕಾಡಿನಲ್ಲಿ ಅಪರೂಪವಾದದ್ದು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ಎಂದಿನಂತೆ ಬೆಳ್ತಂಗಡಿಯ ಸುತ್ತಿಗೆ ಹೋದಾಗ ಕಮಲಕ್ಕ ಗದ್ದೆಯ ಬದುವಿನಲ್ಲೇ ಎದುರಾದರು.

“ಗಂಡು ನಿನ್ನೆಯಿಂದ ಕಾಣುವುದಿಲ್ಲ ಮೇಷ್ಟ್ರೇ,” ಎಂದರು. “ಅಲ್ಲ, ಸಂಘಕ್ಕೆ ಅದು ಬೇಕಿತ್ತಾ? ಬೇಕಾದ್ರೆ ಮರಿ ಹೊರಗೆ ಬಂದ ಮೇಲೆ ಹೊಡೀಬಹುದಿತ್ತಲ್ಲ?”

ನನಗೆ ಅರ್ಥವಾಗಲಿಲ್ಲ. “ಯಾರು ಹೊಡೆದದ್ದು?” ಎಂದೆ.

“ನಿಮ್ಮ ಅಧ್ಯಕ್ಷರು. ಜೀಪಿನಲ್ಲಿ ಬಂದಿದ್ರು. ಬೆಲ್ಲ, ನೀರು ಕೊಟ್ಟೆ, ಕೂತು ಕುಡಿದ್ರು. ಮರ ಯಾವುದು ಅಂತ ಕೇಳಿದ್ರು. ಅಧ್ಯಕ್ಷರಲ್ವಾ, ನೋಡ್ಲಿಕ್ಕೆ ಬಂದದ್ದು ಅಂತ ನಾನೇ ದಾರಿ ತೋರಿಸಿದ್ದು.” ಅವರು ಮರದ ಕಡೆ ಕೈ ತೋರಿಸಿದರು. “ಕೋವಿ ಕಂಡೆ. ದೊಡ್ಡವರ ಕೈಯಲ್ಲಿ ಕೋವಿ ಇರ್ತದೆ, ಅದರಲ್ಲಿ ಎಂಥ ಅಂತ ಸುಮ್ಮನಾದೆ. ಆಮೇಲೆ ಈಡಿನ ಸದ್ದು ಕೇಳಿತು. ಹೆಣ್ಣಿನ ಸ್ವರ ಕೇಳ್ತದಾ ನಿಮಗೆ? ಬೆಳಿಗ್ಗೆಯಿಂದ ಹಾಗೇ.”

ಮರದ ಕಡೆಯಿಂದ ಗೊಗ್ಗರು ದನಿ ಬರುತ್ತಿತ್ತು. ಬುಡದಲ್ಲಿ ಕಪ್ಪು ಬಿಳಿ ಗರಿಗಳು ಬಿದ್ದಿದ್ದವು.

ಮಾತಾಡುತ್ತಾ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಕಮಲಕ್ಕನ ಗಂಡ ಮತ್ತು ಮೈದುನ ಬಿದಿರು ಕಡಿದು ಏಣಿ ಕಟ್ಟಿದರು. ಇನ್ನೊಂದು ಉದ್ದ ಬಿದಿರಿನ ತುದಿ ಸೀಳಿ, ಅದಕ್ಕೆ ಗೋಳಿಹಣ್ಣು ಸಿಕ್ಕಿಸಿ, ಏಣಿಯಿಂದ ಪೊಟರೆಯ ಸೀಳಿಗೆ ಹಿಡಿದೆವು. ಮೊದಲು ಹೆಣ್ಣು ಬಿದಿರನ್ನು ಕುಕ್ಕಿ ದೂಡಿತು. ಮತ್ತೆ ಮತ್ತೆ ದೂಡಿತು. ಮರುದಿನ ಹಸಿವು ಹೆದರಿಕೆಯನ್ನು ಗೆದ್ದಿರಬೇಕು, ಒಂದು ಹಣ್ಣು ಒಳಗೆ ಹೋಯಿತು. ಕಮಲಕ್ಕ ಕೆಳಗೆ ಏಣಿ ಹಿಡಿದುಕೊಂಡಿದ್ದವರು ಸೆರಗಿನಿಂದ ಮುಖ ಒರೆಸಿಕೊಂಡರು.

ಅವರಿಗೆ ಆ ಕೆಲಸ ಒಪ್ಪಿಸಿ ನಾನು ಬಂಟ್ವಾಳಕ್ಕೆ ಬಂದು ನೇರವಾಗಿ ದವಾಖಾನೆಗೆ ಹೋದೆ. ಡಾಕ್ಟರರು ರೋಗಿಗಳನ್ನು ಕಳಿಸಿ ಬಾಗಿಲು ಮುಂದೆ ಮಾಡಿದರು. ನಾನು ಎಲ್ಲವನ್ನೂ ಹೇಳಿದೆ.

“ಆ ಎಣ್ಣೆಯಲ್ಲಿ ಎಂಥದೂ ಇಲ್ಲ ಕೃಷ್ಣಪ್ಪ,” ಎಂದರು. “ತೆಂಗಿನೆಣ್ಣೆ ತಿಕ್ಕಿದರೂ ಅಷ್ಟೇ ಗುಣ. ಅವರಿಗೆ ನಾನು ಹೇಳಿದ್ದೇನೆ. ಮಗಳು ಅಂದಾಗ ಕಿವಿ ಕೇಳುವುದಿಲ್ಲ.”

“ಈಗ ಏನು ಮಾಡುವುದು?”

“ಸಭೆ ಕರೆಯುತ್ತೇನೆ. ನೋಡಿದ್ದು ನೀವು. ನೀವೇ ಹೇಳಬೇಕು.” ಮತ್ತೆ ನನ್ನ ಮುಖ ನೋಡಿ, “ನಿಮ್ಮ ತಂದೆ ಅವರ ಒಕ್ಕಲು ಅಂತ ನನಗೆ ಗೊತ್ತುಂಟು. ಹೇಳಲು ಆಗುವುದಿಲ್ಲ ಅಂದರೆ ನಾನು ತಪ್ಪು ತಿಳಿಯುವುದಿಲ್ಲ,” ಎಂದರು.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಹಟ್ಟಿಯಲ್ಲಿ ಕೋಣಗಳಿಗೆ ಹುಲ್ಲು ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಭೂಮಿ ಉಳುವವನಿಗೆ ಎಂಬ ಮಾತು ಆಗಿನ್ನೂ ಭಾಷಣದಲ್ಲಿ ಮಾತ್ರ ಇತ್ತು. ಧನಿ ಬೇಡ ಎಂದರೆ ಗದ್ದೆ ಬಿಟ್ಟು ಏಳಬೇಕು, ಮನೆಯನ್ನೂ.

“ಧನಿಗಳ ಹೆಸರು ನಿನ್ನ ಬಾಯಲ್ಲಿ ಬರುವುದು ಬೇಡ ಮಗಾ,” ಎಂದರು. “ಹಕ್ಕಿ ಹೋಯಿತು. ನೀನು ಹೇಳಿದ್ರೆ ಅದು ಬರ್ತದಾ?”

ಬಿದಿರನ್ನು ಕುಕ್ಕುತ್ತಿದ್ದ ಆ ಕೊಕ್ಕು ಕಣ್ಣೆದುರು ಬರುತ್ತಿತ್ತು, ಅಪ್ಪನ ಗದ್ದೆಯೂ ಬರುತ್ತಿತ್ತು.

ಸಭೆ ಎಂದಿನಂತೆ ಶೆಟ್ಟರ ಚಾವಡಿಯಲ್ಲೇ. ಅವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ಮುಖ ಬತ್ತಿತ್ತು. ಒಳಕೋಣೆಯಲ್ಲಿ ವನಜ ಮಲಗಿದ್ದಾಳೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಡಾಕ್ಟರರು, ಬೆಳ್ತಂಗಡಿಯ ಗೂಡಿನ ಕುರಿತು ಕಾರ್ಯಕರ್ತರ ವರದಿ ಉಂಟು ಎಂದಷ್ಟೇ ಹೇಳಿ ಕೂತರು.

ನಾನು ಎದ್ದು ನಿಂತೆ. ಡಾಕ್ಟರರ ಮುಖ ನೋಡಿದೆ.

“ಹೇಳು ಕೃಷ್ಣಪ್ಪ,” ಎಂದರು ಶೆಟ್ಟರು. “ಕಂಡದ್ದು ಹೇಳು.”

ಹೇಳಿದೆ. ಕಮಲಕ್ಕ ಹೇಳಿದ್ದನ್ನೂ, ಬುಡದಲ್ಲಿ ಕಂಡ ಗರಿಯನ್ನೂ, ಒಳಗಿನ ಹೆಣ್ಣಿನ ದನಿಯನ್ನೂ. ಅವರ ಹೆಸರು ಬಂದಾಗ ನೆಲ ನೋಡಿದೆ.

ವಕೀಲ ರಾಯರು ತಟ್ಟನೆ ಎದ್ದರು. “ಅಧ್ಯಕ್ಷರೇ, ನೀವು ಹೌದು ಅಂತಲೂ ಅಲ್ಲ ಅಂತಲೂ ಹೇಳಬೇಕಾಗಿಲ್ಲ. ಲೈಸೆನ್ಸ್ ಇರುವ ಕೋವಿ, ಕಾನೂನಿನಲ್ಲಿ ಪ್ರಶ್ನೆಯೇ ಬರುವುದಿಲ್ಲ.”

“ಹೌದು,” ಎಂದರು ಶೆಟ್ಟರು. “ಕೋವಿ ನನ್ನದು, ಕೈ ನನ್ನದು. ಗೂಡಿನೊಳಗೆ ಒಂದು ಹೆಣ್ಣು ಉಂಟು ಅಂತ ಗೊತ್ತಿತ್ತು. ನನ್ನ ಮನೆಯೊಳಗೂ ಒಂದು ಹೆಣ್ಣು ಮಲಗಿದೆ. ಆ ಹೊತ್ತಿಗೆ ನನ್ನ ಕಣ್ಣಿಗೆ ಇದೊಂದೇ ಕಂಡದ್ದು.”

ರಾಯರು ಬಿಡಲಿಲ್ಲ. ಅವರು ಕೆಟ್ಟವರಲ್ಲ, ಅಧ್ಯಕ್ಷರನ್ನು ಕಳೆದುಕೊಂಡರೆ ಸಂಘವೇ ಉಳಿಯದು ಎಂಬುದು ಅವರ ಭಯ. ಔಷಧಿಗಾಗಿ ಕೊಂದದ್ದಕ್ಕೆ, ಸದಸ್ಯತ್ವ ಕಳೆಯುವ ಮೊದಲನೆಯ ನಿಬಂಧನೆ ಅನ್ವಯಿಸುವುದಿಲ್ಲ ಎಂದು ತಿದ್ದುಪಡಿ ಮಂಡಿಸಿದರು. ಡಾಕ್ಟರರು ವಿರೋಧಿಸಿದರು.

“ರಾಯರೇ, ಈ ಜಿಲ್ಲೆಯಲ್ಲಿ ಮಂಗಟ್ಟೆಯನ್ನು ಔಷಧಿಗೆ ಅಲ್ಲದೆ ಯಾರು ಹೊಡೆಯುತ್ತಾರೆ? ಇದನ್ನು ಒಪ್ಪಿದರೆ ನಾವು ಬಾಗಿಲು ಹಾಕಿ ಹೋಗುವ,” ಎಂದರು.

ಮತಕ್ಕೆ ಹಾಕಿದರು. ಕೋವಿ ಇದ್ದ ಜಮೀನುದಾರರೆಲ್ಲ ರಾಯರ ಕಡೆ ಕೈಯೆತ್ತಿದರು, ಉಳಿದವರು ಡಾಕ್ಟರರ ಕಡೆ. ಸಮಸಮ ಬಂತು. ಸಮ ಬಂದರೆ ಅಧ್ಯಕ್ಷರ ಮತವೇ ನಿರ್ಣಾಯಕ ಎಂದು ನಿಬಂಧನೆಯಲ್ಲಿ ಇತ್ತು. ರಾಯರ ಮುಖದಲ್ಲಿ ನೆಮ್ಮದಿ ಕಂಡಿತು. ಅವರು ಮಾಡಬೇಕಾದ್ದನ್ನು ಮಾಡಿದ್ದರು, ಇನ್ನು ಶೆಟ್ಟರು ತಲೆಯಾಡಿಸಿದರೆ ಸಾಕು.

ಒಳಗಿನಿಂದ ವನಜ ನೀರು ಕೇಳಿದ್ದು ಕೇಳಿಸಿತು. ಶೆಟ್ಟರು ಅತ್ತ ತಿರುಗಿ, ಮತ್ತೆ ನಮ್ಮ ಕಡೆ ತಿರುಗಿದರು.

“ತಿದ್ದುಪಡಿಗೆ ನನ್ನ ಮತ ಇಲ್ಲ,” ಎಂದರು. “ನಿಯಮ ಇದ್ದ ಹಾಗೆ ಇರಲಿ.”

ಎದ್ದು ನಿಂತು, “ರಾಯರೇ, ಕುರ್ಚಿಗೆ ಬನ್ನಿ,” ಎಂದರು. ಹೆಗಲಿನ ಶಾಲು ಸರಿಮಾಡಿಕೊಂಡು ಒಳಗೆ ನಡೆದರು. ತಮ್ಮ ಮನೆಯ ಚಾವಡಿಯಿಂದ ತಾವೇ ಹೊರಟು ಹೋದರು. ನಾವು ಆ ಮನೆಯಲ್ಲಿ ಕೂತು ಮುಂದಿನ ವಿಷಯ ಎತ್ತಿಕೊಳ್ಳುವುದು ಹೇಗೆ? ಒಬ್ಬೊಬ್ಬರಾಗಿ ಎದ್ದು ಮೆಟ್ಟಿಲಿಳಿದೆವು.

ಅಪ್ಪನ ಗದ್ದೆಯ ವಿಷಯ ಅವರು ಎಂದೂ ಎತ್ತಲಿಲ್ಲ. ನನ್ನ ಜೊತೆ ಮಾತನ್ನೂ ಆಡಲಿಲ್ಲ. ದಾರಿಯಲ್ಲಿ ಎದುರು ಸಿಕ್ಕಿದರೆ ನಾನು ಕೈ ಮುಗಿಯುತ್ತಿದ್ದೆ, ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಅವರು ಹೊರಗಾದ ಮೇಲೆ ಜಮೀನುದಾರರಲ್ಲಿ ಬಹಳ ಮಂದಿ ಸಂಘ ಬಿಟ್ಟರು. ಸಭೆಗಳು ದವಾಖಾನೆಯ ಉಪ್ಪರಿಗೆಗೆ ಬಂದವು. ಔಷಧಿಯ ವಾಸನೆಯ ನಡುವೆ, ಬೆಂಚಿನ ಮೇಲೆ ಕೂತು, ಉಳಿದ ಕೆಲವೇ ಮಂದಿ ಸಂಘ ನಡೆಸಿದೆವು. ನಮ್ಮ ಜಿಲ್ಲೆಯ ರಾಜ್ಯ ಆಗಷ್ಟೇ ಬದಲಾಗಿ, ಮದ್ರಾಸಿಗೆ ಬರೆದ ಅರ್ಜಿಗಳನ್ನು ಮತ್ತೆ ಬೆಂಗಳೂರಿಗೆ ಬರೆಯಬೇಕಾಗಿದ್ದ ಕಾಲ. ಯಾವುದಕ್ಕೂ ಉತ್ತರ ಬರುತ್ತಿರಲಿಲ್ಲ.

ಕಮಲಕ್ಕನ ಮನೆಯವರು ಹೆಣ್ಣಿಗೆ ಹಣ್ಣು ಕೊಡುವುದನ್ನು ಬಿಡಲಿಲ್ಲ. ನಾನೂ ಆದಷ್ಟು ದಿನ ಅಲ್ಲೇ ಇದ್ದೆ. ಶೆಟ್ಟರು ಒಮ್ಮೆಯಾದರೂ ಬರಬಹುದು ಎಂದು ನಾನು ಕಾದದ್ದು ನಿಜ. ಬರಲಿಲ್ಲ. ಬೇಸಗೆಯ ಕೊನೆಗೆ, ಮೊದಲ ಗುಡುಗು ಬಂದ ಮರುದಿನ ಬೆಳಿಗ್ಗೆ, ಪೊಟರೆಯ ಮಣ್ಣಿನ ಗೋಡೆ ಒಡೆದಿತ್ತು. ಹೆಣ್ಣು ಕೊಂಬೆಯ ಮೇಲೆ ಕೂತಿತ್ತು. ಗರಿ ಬಂದಿತ್ತು, ಮೈ ಮಾತ್ರ ಒಣಗಿತ್ತು. ನಾವು ನೋಡುತ್ತಿದ್ದ ಹಾಗೆ ಘಟ್ಟದ ಕಡೆಗೆ ಹಾರಿತು. ಮೈದುನ ಏಣಿ ಹತ್ತಿ ಒಳಗೆ ಕೈ ಹಾಕಿದ. ಮರಿ ಸತ್ತು ತಣ್ಣಗಾಗಿತ್ತು. ನಾವು ಕೊಟ್ಟ ಹಣ್ಣು ಅದಕ್ಕೆ ಸಾಲಲಿಲ್ಲವೋ, ಬೇರೆ ಏನು ಬೇಕಿತ್ತೋ, ಗಂಡಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಕಮಲಕ್ಕ ಅದನ್ನು ಬಾಳೆಲೆಯಲ್ಲಿ ಸುತ್ತಿ ಮರದ ಬುಡದಲ್ಲೇ ಹೂಳಿಸಿದರು. ಆ ಪೊಟರೆಗೆ ಮತ್ತೆ ಮಂಗಟ್ಟೆ ಬಂದದ್ದನ್ನು ನಾನು ನೋಡಲಿಲ್ಲ.

ಕೆಲವು ವರ್ಷ ಕಳೆದು ಶೆಟ್ಟರು ತೀರಿಕೊಂಡರು. ಉತ್ತರಕ್ರಿಯೆಗೆ ಹೋಗಿ ಊಟ ಮಾಡಿ ಬಂದೆ. ಅದಾದ ಮೇಲೆ ಒಂದು ದಿನ ಸಭೆ ನಡೆಯುತ್ತಿದ್ದಾಗ ದವಾಖಾನೆಯ ಮೆಟ್ಟಿಲಲ್ಲಿ ಕೋಲಿನ ಸದ್ದು ಕೇಳಿತು. ನಿಧಾನವಾಗಿ ಹತ್ತಿ ಬಂದವರು ವನಜಕ್ಕ. ಡಾಕ್ಟರರು ಹೇಳಿದ ಹಾಗೆ ವರ್ಷಗಟ್ಟಲೆ ಕಾಲು ಆಡಿಸಿ ಆಡಿಸಿ, ಎರಡು ಊರುಗೋಲಿನಲ್ಲಿ ನಡೆಯುವಷ್ಟಾಗಿದ್ದರು. ಗಂಡನ ಮನೆಯವರು ಮತ್ತೆ ಕರೆದಿರಲಿಲ್ಲ.

ಅವರು ನನ್ನನ್ನೇ ನೋಡಿ ಕೇಳಿದರು: “ಕೃಷ್ಣಪ್ಪಣ್ಣ, ಅಪ್ಪ ಸಂಘ ಬಿಟ್ಟದ್ದು ಯಾಕೆ? ಆ ದಿನ ಎಲ್ಲರೂ ಹೋದ ಮೇಲೆ ಅಪ್ಪ ನನ್ನ ಕೋಣೆಗೆ ಬಂದು, ಕಾಲಿಗೆ ತಿಕ್ಕುತ್ತಿದ್ದ ಎಣ್ಣೆಯ ಕುಪ್ಪಿ ತೆಗೊಂಡು ಹೋಗಿ ತೆಂಗಿನ ಬುಡಕ್ಕೆ ಚೆಲ್ಲಿದ್ರು. ಎಂಥದ್ದರ ಎಣ್ಣೆ ಅಂತ ಅಮ್ಮನೂ ಹೇಳ್ಲಿಲ್ಲ. ಈಗ ಹೇಳ್ಲಿಕ್ಕೆ ಇಬ್ಬರೂ ಇಲ್ಲ.”

ಡಾಕ್ಟರರು ನನ್ನ ಕಡೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಗೂಡಿನ ಹೆಣ್ಣಿಗೆ ಏನಾಯಿತು, ಮರಿಗೆ ಏನಾಯಿತು, ಸಭೆಯಲ್ಲಿ ಅವರ ಅಪ್ಪ ಯಾವ ಕಡೆ ಮತ ಹಾಕಿದರು ಎಂಬುದನ್ನೂ. ಅವರು ಬೆಂಚಿನ ಮೇಲೆ ಕೂತು ಕೋಲುಗಳ ಮೇಲೆ ಗಲ್ಲ ಊರಿ ಕೇಳಿದರು.

“ನನ್ನ ಹತ್ರ ಯಾರೂ ಕೇಳ್ಲಿಲ್ಲ,” ಎಂದರು ಕಡೆಗೆ. “ಕಾಲು ನನ್ನದು. ಕೇಳಿದ್ರೆ ಬೇಡ ಅಂತಿದ್ದೆ.” ಕಣ್ಣು ಒರೆಸಿಕೊಂಡು, “ಸದಸ್ಯಳಾಗ್ಲಿಕ್ಕೆ ಕಾಲು ಸರಿ ಇರಬೇಕು ಅಂತ ನಿಯಮ ಉಂಟಾ?” ಎಂದು ಕೇಳಿದರು.

ಇಲ್ಲ ಎಂದೆವು.

ಅಲ್ಲಿಂದ ಮುಂದೆ ನಮ್ಮ ಕೆಲಸದ ರೀತಿ ಮತ್ತೊಮ್ಮೆ ಬದಲಾಯಿತು. ಆವರೆಗೆ ನಾನು ಗಂಡಸರ ಜೊತೆ ಜಗಲಿಯಲ್ಲಿ ಕೂತು ಮಾತಾಡಿ ಬರುತ್ತಿದ್ದೆ. ಎಣ್ಣೆ ಬೇಕು ಎಂಬ ಮಾತು ಹುಟ್ಟುತ್ತಿದ್ದುದು ಒಳಮನೆಯಲ್ಲಿ, ಬಾಣಂತಿಯ ಕೋಣೆಯಲ್ಲಿ, ಅತ್ತೆಯಂದಿರ ಮಧ್ಯೆ. ಅಲ್ಲಿಗೆ ನನಗೆ ಪ್ರವೇಶ ಇರಲಿಲ್ಲ. ವನಜಕ್ಕನಿಗೆ ಇತ್ತು. ಯಾವ ಮನೆಯಲ್ಲಿ ಮಂಗಟ್ಟೆಯ ಎಣ್ಣೆ ಹುಡುಕುತ್ತಿದ್ದಾರೆ ಎಂದು ಸುದ್ದಿ ಬಂದರೂ ಬಾಡಿಗೆ ಕಾರು ಮಾಡಿಕೊಂಡು ಹೊರಡುತ್ತಿದ್ದರು.

ಒಮ್ಮೆ ವಿಟ್ಲದ ಆಚೆ ಕನ್ಯಾನದ ಒಂದು ಮನೆಗೆ ಹೋಗಿದ್ದೆವು. ಸೊಸೆಗೆ ಹೆರಿಗೆಯ ನಂತರ ಸೊಂಟ ಹಿಡಿದ ಹಾಗಾಗಿತ್ತು. ಮಗ ಕೋವಿ ಎರವಲು ತಂದಿಟ್ಟುಕೊಂಡಿದ್ದ, ಮರುದಿನ ಕಾಡಿಗೆ ಹೋಗುವವನು. ನನ್ನ ಮಾತಿಗೆ ಅವನು ಜಗಲಿಯಲ್ಲೇ ಉತ್ತರ ಕೊಟ್ಟ: “ಮೇಷ್ಟ್ರೇ, ನಿಮ್ಮ ಹೆಂಡತಿ ಮಲಗಿದ್ರೆ ಆಗ ನೀವು ಹೇಳಿ.”

ವನಜಕ್ಕ ಕೋಲೂರಿಕೊಂಡು ಹೊಸ್ತಿಲು ದಾಟಿ ಒಳಗೆ ಹೋಗಿ ಬಾಣಂತಿಯ ಹಾಸಿಗೆಯ ಬಳಿ ಕೂತರು. ಬಾಗಿಲು ತೆರೆದೇ ಇತ್ತು, ಮಾತು ಹೊರಗೆ ಕೇಳುತ್ತಿತ್ತು. ಸೊಸೆಯ ಅತ್ತೆ, ಆ ಮನೆಯ ಅಜ್ಜಿಗೆ ಅವರು ಸೀರೆಯ ಅಂಚು ಸ್ವಲ್ಪ ಮೇಲೆ ಸರಿಸಿ ಕಾಲು ತೋರಿಸಿದರು.

“ನನ್ನ ಅಪ್ಪ ನನಗಾಗಿ ಆ ಹಕ್ಕಿಯನ್ನು ಕೊಂದ್ರು ಅಜ್ಜಿ. ಅಮ್ಮ ಎರಡು ಹೊತ್ತು ಎಣ್ಣೆ ತಿಕ್ಕಿದ್ರು. ನೋಡಿ, ಕಾಲು ಹೀಗೆ ಉಂಟು. ಅಪ್ಪ ಮಾತ್ರ ಆಮೇಲೆ ಮೊದಲಿನ ಅಪ್ಪ ಆಗಿರ್ಲಿಲ್ಲ. ಊಟಕ್ಕೆ ಕೂತರೆ ಎದ್ದು ಹೋಗ್ತಿದ್ರು. ಇವಳನ್ನು ಡಾಕ್ಟರ್ ಹತ್ರ ಕರ್ಕೊಂಡು ಹೋಗುವ, ನನ್ನ ಕಾರು ಹೊರಗೆ ಉಂಟು.”

ಅಜ್ಜಿ ನೆಲದ ಮೇಲೆ ಕೂತು, ಸಣಕಲಾಗಿದ್ದ ಆ ಕಾಲನ್ನು ಎರಡೂ ಕೈಯಲ್ಲಿ ಮುಟ್ಟಿ, ಮೀನಖಂಡದಿಂದ ಹಿಮ್ಮಡಿಯವರೆಗೆ ಮೆಲ್ಲಗೆ ಸವರಿದರು.

“ನೋವುಂಟಾ ಮಗಾ?” ಎಂದು ಕೇಳಿದರು.

“ಉಂಟು ಅಜ್ಜಿ,” ಎಂದರು ವನಜಕ್ಕ.

ಅಜ್ಜಿ ಎದ್ದು ಬಾಗಿಲಿಗೆ ಬಂದು, ಸೊಸೆಯ ಸೀರೆ, ಕಂಬಳಿ ಕಟ್ಟಿ ಕಾರಿಗೆ ಹಾಕುವಂತೆ ಮಗನಿಗೆ ಹೇಳಿದರು.